ನಾಲ್ಕನೇ ಸಾಲಿನ ಸುವರ್ಣಗೆಡ್ಡೆ

ನಮ್ಮ ಮನೆಯವರು ಪ್ರಗತಿಪರ ರೈತರಾದದ್ದು ಸಾಗರದಲ್ಲಿ. ಅಲ್ಲಿ ಒಂದು ತರಬೇತಿ ಇತ್ತು. ವೇದಿಕೆಯ ಮೇಲಿದ್ದವರು ಮಾತು ಶುರು ಮಾಡುವಾಗ ಎದುರು ಕೂತವರನ್ನೆಲ್ಲ ಒಟ್ಟಿಗೆ ‘ಪ್ರಗತಿಪರ ರೈತ ಬಾಂಧವರೇ’ ಎಂದು ಕರೆದರಂತೆ. ಉಳಿದವರು ಆ ಮಾತನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಸ್ ಹತ್ತಿದರು. ಇವರು ಮಾತ್ರ ಜೋಪಾನವಾಗಿ ಹೊಸನಗರದ ಈಚೆಗಿರುವ ನಮ್ಮ ಮನೆಯವರೆಗೂ ತಂದರು. ಅಂದಿನಿಂದ ಕೊಟ್ಟಿಗೆಗೆ ಹೋಗುವಾಗಲೂ ಅವರ ನಡಿಗೆಯಲ್ಲಿ ಒಂದು ಗತ್ತು.

ಆ ತರಬೇತಿಯಿಂದ ಬಂದ ಇನ್ನೊಂದು ವಸ್ತು ಎಂದರೆ ಸುವರ್ಣಗೆಡ್ಡೆಯ ತಳಿ ಪರೀಕ್ಷೆ. ಇಲಾಖೆಯವರು ಮೂರು ಸುಧಾರಿತ ತಳಿ ಕೊಡುತ್ತಾರೆ, ನಾಲ್ಕನೆಯದು ನಮ್ಮದೇ ಮನೆಯ ತಳಿ. ಕೊಟ್ಟಿಗೆಯ ಹಿಂದೆ ಒಂದೊಂದಕ್ಕೆ ಒಂದೊಂದು ಸಾಲು. ಯಾವುದು ಹೇಗೆ ಬೆಳೆಯಿತು, ಯಾವುದು ಎಷ್ಟು ತೂಗಿತು ಎಂದು ನೋಡುವುದು. ಗೆದ್ದ ತಳಿಗೆ ಮುಂದಿನ ವರ್ಷದಿಂದ ನಮ್ಮ ಹಿತ್ತಲೇ ಬೀಜದ ತಾಕು, ಗೇಟಿನ ಹತ್ತಿರ ಒಂದು ಬೋರ್ಡು. ಆದರೆ ಒಂದು ಷರತ್ತು. ಬೀಜದ ತಾಕು ಎಂದ ಮೇಲೆ ಬೆರಕೆ ಆಗಬಾರದು, ಗೆದ್ದದ್ದನ್ನು ಬಿಟ್ಟು ಬೇರೆ ಸುವರ್ಣಗೆಡ್ಡೆ ನಮ್ಮ ಜಾಗದಲ್ಲೆಲ್ಲೂ ಇರುವಂತಿಲ್ಲ. ಇವರು ನನ್ನನ್ನಾಗಲಿ ಅವರ ಅಮ್ಮನನ್ನಾಗಲಿ ಒಂದು ಮಾತು ಕೇಳದೆ ಒಪ್ಪಿ ಬಂದಿದ್ದರು. ಪ್ರಗತಿ ಎಂದರೆ ಬಹುಶಃ ಅದೇ.

ಅತ್ತೆಯನ್ನು ಕೇಳಲೇಬೇಕಿತ್ತು, ಯಾಕೆಂದರೆ ನಮ್ಮ ಮನೆಯ ತಳಿ ಎಂಬುದು ಅತ್ತೆಯ ತಳಿ. ಅವರು ಹುಟ್ಟಿದ ಊರು ಲಿಂಗನಮಕ್ಕಿ ಡ್ಯಾಮಿನ ನೀರಿನಡಿ ಇದೆ. ಅವರಿನ್ನೂ ಸಣ್ಣವರಿದ್ದಾಗ ಊರಿಗೆ ಊರೇ ಎದ್ದು ಲಾರಿ ಹತ್ತಿತು. ಲಾರಿಯಲ್ಲಿ ಜಾಗ ಸಾಲದೆ ಅವರ ತಾಯಿ ಬೀಸುವ ಕಲ್ಲನ್ನು ಬಿಟ್ಟು ಬಿತ್ತನೆ ಗೆಡ್ಡೆಯ ಚೀಲವನ್ನು ಹತ್ತಿಸಿದರಂತೆ. ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗ ಅದರ ಮರಿಗೆಡ್ಡೆಗಳೂ ಜೊತೆಗೆ ಬಂದವು. ಕೊಟ್ಟಿಗೆಯ ಹಿಂದಿನ ಕಪ್ಪು ಮಣ್ಣಿನಲ್ಲಿ ಅಂದಿನಿಂದ ಇಂದಿನವರೆಗೂ ಅವು ತಪ್ಪಿಲ್ಲ. ಅತ್ತೆ ಅದನ್ನು ಸುವರ್ಣಗೆಡ್ಡೆ ಎಂದು ಕರೆಯುವುದೂ ಇಲ್ಲ, ಮುಳುಗಿದ ಊರಿನ ಹೆಸರು ಹಿಡಿದೇ ಕರೆಯುತ್ತಾರೆ. ಆ ಹೆಸರು ಈಗ ಯಾವ ಬಸ್ಸಿನ ಹಣೆಯ ಮೇಲೂ ಇಲ್ಲ. ನಮ್ಮ ಅಡುಗೆಮನೆಯಲ್ಲಿ ಮಾತ್ರ ಇದೆ.

ಸುದ್ದಿ ಕೇಳಿ ಅತ್ತೆ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಮಗನನ್ನು ಕೇಳಿದ್ದು ಬೇರೆಯೇ.

“ನಮ್ದು ಗೆದ್ರೆ ಹೆಸ್ರು ಹಾಕ್ತಾರನಾ?”

“ಹಾಕ್ತಾರಮ್ಮ. ಬೋರ್ಡಲ್ಲೇ ಬರುತ್ತೆ.”

“ನಮ್ಮೂರ ಹೆಸ್ರು?”

“ಅದೇ ಹೆಸ್ರು. ಬೀಜ ಎಲ್ಲೆಲ್ಲಿಗೆ ಹೋಗುತ್ತೋ ಅಲ್ಲೆಲ್ಲ ಅದೇ ಹೆಸ್ರು.”

“ಸೋತ್ರೆ?”

“ಸೋತ್ರೆ ತೆಗೀಬೇಕಾಗುತ್ತೆ.”

ಅತ್ತೆ ನಕ್ಕುಬಿಟ್ಟರು. ಅವರ ಗೆಡ್ಡೆ ಸೋಲುವುದೆಂದರೆ ಅವರಿಗೆ ನಗೆಚಾಟಿಕೆಯ ಮಾತು. ನನಗೂ ಆಗ ಹಾಗೇ ಅನ್ನಿಸಿತ್ತು, ಅದರ ಹುಳಿ ತಿಂದವರಿಗೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಸರ್ಕಾರದ ಗೆಡ್ಡೆಗಳು ಬಸ್ಸಿನಲ್ಲಿ ಬಂದವು. ಇವರು ಸ್ಟಾಪಿನಲ್ಲಿ ಕಾಯುತ್ತ ಯಾರಿಗೋ ಪ್ರಗತಿಯ ವಿಷಯ ಹೇಳುತ್ತಿದ್ದ ಹೊತ್ತಿಗೆ ಬಸ್ಸು ಬಂದು ಹೋಗಿ, ಚೀಲ ಮಾಸ್ತಿಕಟ್ಟೆಯವರೆಗೂ ಸವಾರಿ ಮಾಡಿ ಸಂಜೆಯ ಬಸ್ಸಿಗೆ ವಾಪಸಾಯಿತು. ಬಿಚ್ಚಿ ನೋಡಿದರೆ ಒಂದೊಂದೂ ನುಣ್ಣಗೆ, ಗುಂಡಗೆ, ಮೈಮೇಲೆ ಒಂದು ಗಂಟಿಲ್ಲ. ಪಕ್ಕದಲ್ಲಿ ಅತ್ತೆಯ ಗೆಡ್ಡೆ ಇಟ್ಟರೆ ಅದಕ್ಕೆ ಮೈತುಂಬ ಮರಿ, ಒರಟು ಸಿಪ್ಪೆ. ಮದುವೆಮನೆಯ ಫೋಟೋಕ್ಕೆ ಕೆಲಸದ ಸೀರೆಯಲ್ಲೇ ಬಂದು ನಿಂತವರ ಹಾಗೆ ಕಾಣುತ್ತಿತ್ತು.

ಪರೀಕ್ಷೆ ನೋಡಿಕೊಳ್ಳುವ ಸಾಹೇಬರು ನಾಟಿಯ ದಿನ ಬಂದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ತೀರ್ಥಹಳ್ಳಿ ಕಡೆಯವರು, ಚಪ್ಪಲಿ ಬಿಟ್ಟು ಒಳಗೆ ಬರುವ ಜಾತಿಯ ಅಧಿಕಾರಿ. ಪ್ರತಿ ಸಾಲಿನ ತುದಿಗೆ ಒಂದು ಗೂಟ ಹೊಡೆದು ತಳಿಯ ಹೆಸರಿನ ಚೀಟಿ ಕಟ್ಟಿದರು. ಅತ್ತೆಯ ಬಿತ್ತನೆ ಗೆಡ್ಡೆಯೆಲ್ಲ ಹೋದದ್ದು ನಾಲ್ಕನೇ ಸಾಲಿಗೆ, ಅದರ ಗೂಟಕ್ಕೆ ಕಟ್ಟಿದ್ದು ‘ಸ್ಥಳೀಯ’.

“ಅಂಗಂದ್ರೆ ಎಂತ?” ಅತ್ತೆ ಕೇಳಿದರು.

“ಅಂದ್ರೆ ಇಲ್ಲೀದು ಅಂತ, ಅಮ್ಮ.”

“ಇಲ್ಲೀದಲ್ಲ ಅದು. ನಮ್ಮೂರಿಂದು.”

“ನಿಮ್ಮೂರು ಎಲ್ಲಿ ಬರುತ್ತೆ?”

“ನೀರಲ್ಲಿ.”

ಸಾಹೇಬರು ಚೀಟಿ ನೋಡಿದರು, ಪೆನ್ನು ನೋಡಿದರು. ಸದ್ಯಕ್ಕೆ ಹೀಗಿರಲಿ, ಗೆದ್ದ ಮೇಲೆ ಸರಿಯಾದ ಹೆಸರು ಬರೆಯೋಣ ಎಂದರು. ಅತ್ತೆ ಒಪ್ಪಿದರು. ಆ ದಿನ ಹಿಂದಿನ ವರ್ಷದ ಉಳಿದ ಗೆಡ್ಡೆಯಲ್ಲಿ ವಾಟೆಹುಳಿ ಹಾಕಿ ಹುಳಿ ಮಾಡಿದ್ದರು, ಕಾವಲಿಯ ಮೇಲೆ ಹೋಳು ಹುರಿದಿದ್ದರು. ಸಾಹೇಬರು ಮೂರು ಸಲ ಬಡಿಸಿಕೊಂಡರು. ನಮ್ಮ ದುರದೃಷ್ಟ ಶುರುವಾದದ್ದು ಆ ಎಲೆಯ ಮುಂದೆ.

ಮಳೆ ಹಿಡಿದ ಮೇಲೆ ಗಿಡಗಳೆದ್ದವು. ಬೆಳವಣಿಗೆ ಅಳೆಯುವ ಕೆಲಸ ನಮ್ಮ ಮನೆಯವರದು. ದಂಟಿನ ಎತ್ತರ, ಬುಡದ ಸುತ್ತಳತೆ, ಎಲೆ ಎಷ್ಟಗಲ ಹರಡಿದೆ. ಅದಕ್ಕೆ ಅವರು ತೆಗೆದುಕೊಂಡು ಹೋದದ್ದು ನಾನು ರವಿಕೆ ಅಳೆಯುವ ಟೇಪು. ಆ ಮಳೆಗಾಲದಲ್ಲಿ ನಾನು ಹೊಲಿದ ಯಾವ ರವಿಕೆಯೂ ಕೆಸರಿನ ವಾಸನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಕೊಡೆಯನ್ನು ಕುತ್ತಿಗೆಯಲ್ಲಿ ಒತ್ತಿ ಹಿಡಿದು, ಗಿಡಕ್ಕೆ ಟೇಪು ಸುತ್ತಿ, ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಫೋಟೋ ತೆಗೆದು ರೈತರ ಗುಂಪಿಗೆ ಹಾಕುತ್ತಿದ್ದರು. ಮಗನಿಗೆ ಜ್ವರ ಬಂದಾಗ ಎಷ್ಟು ಡಿಗ್ರಿ ಎಂದು ಒಂದು ದಿನವೂ ಕೇಳದ ಗಂಡಸು ಗೆಡ್ಡೆಯ ಸೊಂಟದ ಅಳತೆಯನ್ನು ಬಾಯಿಪಾಠ ಹೇಳುವುದನ್ನು ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆಗೆ ಬೇರೆ ಸಂಕಟ. ಬೆಳೆಯುವುದನ್ನು ಅಳೆಯಬಾರದು ಎಂಬುದು ಅವರ ಪದ್ಧತಿ, ಮಕ್ಕಳನ್ನೂ ಗಿಡವನ್ನೂ. ಇವರು ಅಳೆದು ಬಂದ ಕೂಡಲೇ ಅವರು ಹೋಗಿ ನಾಲ್ಕನೇ ಸಾಲಿನ ಬುಡಕ್ಕೆ ಒಂದೊಂದು ಚಿಟಿಕೆ ಬೂದಿ ಹಾಕಿ ದೃಷ್ಟಿ ತೆಗೆದು ಬರುತ್ತಿದ್ದರು. ಮಿಕ್ಕ ಮೂರು ಸಾಲು ಸರ್ಕಾರದ್ದು, ಅದರ ದೃಷ್ಟಿ ಸರ್ಕಾರ ತೆಗೆಯಲಿ ಎಂದು ಬಿಟ್ಟಿದ್ದರು. ಹೇಗೋ ಏನೋ, ಶ್ರಾವಣದ ಹೊತ್ತಿಗೆ ನಾಲ್ಕನೇ ಸಾಲು ಮಿಕ್ಕವನ್ನೆಲ್ಲ ಮೀರಿ ಕೊಡೆ ಬಿಚ್ಚಿ ನಿಂತಿತ್ತು. ನಮ್ಮ ಮನೆಯವರು ಆ ಅಂಕಿಯನ್ನು ಮಾತ್ರ ಸ್ವಲ್ಪ ಮೆಲ್ಲಗೆ ಕೂಗುತ್ತಿದ್ದರು.

ಆಮೇಲೆ ಜನ ಬರಲು ಶುರುವಾಯಿತು. ಸಾಹೇಬರು ತಿಂಗಳಿಗೊಮ್ಮೆ ಬರುವುದಂತೂ ಇದ್ದೇ ಇತ್ತು. ಅವರ ಮೇಲಿನವರು ಬಂದರು. ಮೇಲಿನವರ ಜೊತೆ ಕ್ಯಾಮರಾದವರು ಬಂದರು. ತೀರ್ಥಹಳ್ಳಿ ಕಡೆಯಿಂದ ಅಧ್ಯಯನ ಪ್ರವಾಸ ಎಂದು ಒಂದು ವ್ಯಾನಿನ ತುಂಬ ರೈತರು ಬಂದರು, ಗಿಡಗಳನ್ನು ಗದ್ದೆ ಬದುವಿನ ಮೇಲಿಂದಲೇ ಅಧ್ಯಯನ ಮಾಡಿ ಜಗಲಿಯಲ್ಲಿ ಕೂತರು. ಕುಪ್ಪಳ್ಳಿ ನೋಡಲು ಹೊರಟಿದ್ದ ವಿದ್ಯಾರ್ಥಿಗಳು ದಾರಿಯಲ್ಲಿ ನಮ್ಮ ಗೆಡ್ಡೆಯನ್ನೂ ನೋಡಿಕೊಂಡು ಹೋದರು.

ಬಂದವರಿಗೆ “ಆಸರಿಗೆ ಬೇಕಾ” ಎಂದು ಕೇಳಿ ಒಂದು ಲೋಟ ಕೊಟ್ಟು ಕಳಿಸುವ ಮನೆ ನಮ್ಮದಲ್ಲ. ಮಧ್ಯಾಹ್ನ ಹೊಸ್ತಿಲು ದಾಟಿದವರು ಊಟ ಮಾಡದೆ ವಾಪಸು ಹೋದರೆ ಅತ್ತೆಗೆ ಆ ರಾತ್ರಿ ಅನ್ನ ಇಳಿಯುವುದಿಲ್ಲ. ಅವರ ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದ ಕಾಲದಲ್ಲಿ ಒಡೆಯರ ಮನೆಯ ಅಂಗಳದಲ್ಲಿ ಕಾದು ನಿಂತು ಉಂಡವರು, ಆ ಕಾಲ ಹೋದ ಮೇಲೆ ತಾವು ಬಡಿಸುವುದರಲ್ಲಿ ಒಂದು ಹಟ. ಮಳೆಗಾಲದಲ್ಲಿ ಹಿತ್ತಲಿನಲ್ಲಿ ಬೇರೆ ತರಕಾರಿ ಏನಿರುತ್ತದೆ? ಅತ್ತೆ ಹಾರೆ ಹಿಡಿದು ಕೊಟ್ಟಿಗೆಯ ಹಿಂದೆ ಹೋಗುತ್ತಿದ್ದರು.

ನೀವು ಕೇಳಬಹುದು, ಸಾಲು ನಾಲ್ಕಿದ್ದವಲ್ಲ ಎಂದು. ನಾನೂ ಕೇಳಿದೆ.

“ಸರ್ಕಾರದ್ದನ್ನ ಕೀಳದಾ?” ಅತ್ತೆ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. “ನಂಬಿ ಕೊಟ್ಟು ಹೋಗ್ಯಾರೆ ಅವ್ರು. ಅವ್ರದನ್ನೇ ಕಿತ್ತು ಅವ್ರಿಗೇ ಬಡ್ಸದು ಯಾವ ಮರ್ಯಾದಿ ಮಾರಾಯ್ತಿ?”

ಹಾಗಾಗಿ ಪ್ರತಿ ಸಲ ಎದ್ದು ಬಂದದ್ದು ನಾಲ್ಕನೇ ಸಾಲಿನಿಂದ. ಅದರಲ್ಲೂ ಬುಡದ ಮಣ್ಣು ಬಿರಿದು ದೊಡ್ಡ ಗೆಡ್ಡೆಯ ಗುರುತು ತೋರಿಸುತ್ತಿದ್ದ ಗಿಡವೇ. ಬಂದವರಿಗೆ ಚಿಕ್ಕದನ್ನು ಹಾಕಿ ಬೇಯಿಸಲು ಆಗುತ್ತದೆಯೇ? ಕಿತ್ತ ಗುಂಡಿಗೆ ಮಣ್ಣೆಳೆದು, ಮೇಲೆ ಒಣಗಿದೆಲೆಯ ದರಕು ಹರಡಿ, ಮೊದಲಿಗಿಂತ ಚೆಂದ ಮಾಡಿ ಬರುತ್ತಿದ್ದರು.

ಮುಂದಿನ ದೃಶ್ಯವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಸಾಹೇಬರು ಹೊಟ್ಟೆ ತುಂಬ ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಸಾಲು ನೋಡಲು ಹೋದರು. ನಾಲ್ಕನೆಯದರ ಮುಂದೆ ನಿಂತರು.

“ಇಲ್ಲೊಂದು ಗಿಡ ಇತ್ತಲ್ಲ, ಏನಾಯ್ತು?”

ನಮ್ಮ ಮನೆಯವರು ತಮ್ಮ ಕಾಲಿನ ಹೆಬ್ಬೆರಳನ್ನು ನೋಡಿಕೊಂಡರು. “ಹೋಯ್ತು ಸಾರ್.”

“ಬುಡ ಕೊಳೆತಿರಬೇಕು. ಹೋದ ತಿಂಗಳೂ ಎರಡು ಹೋಗಿದ್ವು. ಈ ಸ್ಥಳೀಯ ತಳಿಗೆ ಕೊಳೆ ರೋಗ ಬೇಗ ಹಿಡಿಯುತ್ತೆ ಅನ್ಸುತ್ತೆ.” ಇಷ್ಟು ಹೇಳಿ ಸಾಹೇಬರು ತೃಪ್ತಿಯಿಂದ ಒಂದು ತೇಗು ತೇಗಿದರು. ರೋಗ ಅವರ ಹೊಟ್ಟೆಯಲ್ಲೇ ಇತ್ತು.

ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಅತ್ತೆ ಹಿತ್ತಲ ಬಾಗಿಲಿನಿಂದ ನೋಡಿದ ನೋಟಕ್ಕೆ ನುಂಗಿಕೊಂಡೆ. ಉಂಡು ಕೈ ತೊಳೆದವರ ಹತ್ತಿರ, ನೀವು ಉಂಡದ್ದು ಇಂಥದ್ದು, ಅದರಿಂದ ನಮಗೆ ಇಷ್ಟು ನಷ್ಟ ಎಂದು ಹೇಳುವುದಕ್ಕಿಂತ ದೊಡ್ಡ ಹೇಸಿಗೆ ನಮ್ಮವರಲ್ಲಿ ಇನ್ನೊಂದಿಲ್ಲ. ಬಡಿಸಿದ್ದನ್ನು ಆಡಿ ತೋರಿಸಿದವರ ಮನೆಯಲ್ಲಿ ನೀರೂ ಕುಡಿಯಬಾರದು ಎನ್ನುವ ಜನ. ಕೊಳೆ ರೋಗ ಎಂದರೂ ಸರಿ, ಇಲಿ ಹೆಗ್ಗಣ ಎಂದರೂ ಸರಿ, ಬಾಯಿ ಬಿಡುವಂತಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಮುಂದಿನ ಸಲ ಸಾಹೇಬರು ಬರುವ ದಿನ ಹೊಸನಗರದ ಪೇಟೆಯಿಂದ ಎಲೆಕೋಸು ತರಿಸಿ, ಅತ್ತೆ ಏಳುವ ಮೊದಲೇ ಹೆಚ್ಚಿ ಪಲ್ಯ ಮಾಡಿಟ್ಟೆ. ಸಾಹೇಬರು ಎಲೆಯ ಮುಂದೆ ಕೂತು, ಪಲ್ಯವನ್ನು ಒಂದು ಬದಿಗೆ ಸರಿಸಿ, ಮಗುವಿನ ಹಾಗೆ ಕೇಳಿದರು: “ಇವತ್ತು ಗೆಡ್ಡೆ ಇಲ್ವಾ?”

ಅತ್ತೆಯ ಮುಖ ಕಪ್ಪಿಟ್ಟಿತು. ಸಾಹೇಬರು ಹೋದ ಮೇಲೆ ನನ್ನ ಹತ್ತಿರ ಎಷ್ಟೋ ದಿನ ಮಾತಾಡಲಿಲ್ಲ. ಕೋಸು ಬಡಿಸಿ ಮನೆಯ ಮಾನ ತೆಗೆದೆ ಎಂಬ ಸಿಟ್ಟು. ನನಗೂ ಅಷ್ಟೇ ಸಿಟ್ಟು. ಈ ಮುದುಕಿಗೆ ತನ್ನೂರಿನ ಹೆಸರು ಬೇಕು, ಆ ಹೆಸರಿಗೆ ಇರುವ ಒಂದೇ ದಾರಿಯನ್ನು ಕೈಯಾರೆ ಅಗೆದು ಸಾಹೇಬರ ಎಲೆಗೆ ಹಾಕುತ್ತಾಳೆ, ಯಾರಾದರೂ ತಡೆದರೆ ಮಾತು ಬಿಡುತ್ತಾಳೆ! ತಲೆ ಕೆಟ್ಟು ಹೋಗುತ್ತಿತ್ತು. ನಮ್ಮ ಮನೆಯವರಿಗೆ ಹೇಳಿದರೆ, ಅಮ್ಮನಿಗೆ ನೀನೇ ಹೇಳು ಎಂದು ಟೇಪು ಹಿಡಿದು ಎದ್ದು ಹೋಗುತ್ತಿದ್ದರು. ಪ್ರಗತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು.

ದೀಪಾವಳಿ ಕಳೆದು ಗಿಡಗಳು ಹಳದಿಯಾಗಿ ಒಂದೊಂದೇ ಮಲಗಿದವು. ಎಲ್ಲವೂ ಒಣಗಿದ ಮೇಲೆ ತೂಕದ ದಿನ ಗೊತ್ತಾಯಿತು. ನಾಲ್ಕನೇ ಸಾಲಿನಲ್ಲಿ ಕಲ್ಲು ಹೆಚ್ಚಿರುವ ತುದಿಯ ಬಡಕಲು ಗಿಡಗಳು ಉಳಿದಿದ್ದವು. ಅವುಗಳ ನಡುವೆ ಒಂದೇ ಒಂದು ದೊಡ್ಡದಿತ್ತು. ಅದರ ದಂಟು ಹಸಿರಿದ್ದಾಗ ನನ್ನ ಭುಜ ಮುಟ್ಟುತ್ತಿತ್ತು. ಆ ಒಂದನ್ನು ನಮ್ಮ ಮನೆಯವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದರು, ಅದೊಂದೇ ಸರ್ಕಾರದ ಎರಡಕ್ಕೆ ಸಮ ತೂಗಿ ಮಾನ ಉಳಿಸುತ್ತದೆ ಎಂದು.

ತೂಕದ ದಿನ ಬೆಳಿಗ್ಗೆ ಅವರು ಹಲ್ಲುಜ್ಜುತ್ತ ಹಿತ್ತಲಿಗೆ ಹೋದವರು ಅಲ್ಲಿಂದಲೇ ಕಿರುಚಿದರು. ದರಕು ಚೆಂದವಾಗಿ ಹರಡಿತ್ತು. ಗೆಡ್ಡೆ ಅಡುಗೆಮನೆಯಲ್ಲಿ ಅತ್ತೆಯ ಈಳಿಗೆಮಣೆಯ ಮುಂದೆ ಇತ್ತು, ಅರ್ಧ ಹೋಳಾಗಿ.

“ಅಮ್ಮಾ! ಅದು ತೂಕಕ್ಕಿತ್ತು!”

“ತೂಗಕ್ ಬರೋರು ಉಣ್ಣದೆ ಹೋಗ್ತಾರನಾ?” ಅತ್ತೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಇನ್ನೂ ಇದಾವಲ್ಲ, ಅವನ್ನ ತೂಗ್ಲಿ.”

ತೂಗಿದರು. ಒಂದನೆಯದು ಚೆನ್ನಾಗಿ ಬಂತು, ಎರಡನೆಯದು ಇನ್ನೂ ಚೆನ್ನಾಗಿ ಬಂತು, ಮೂರನೆಯದು ಅವೆರಡರ ಮಧ್ಯೆ. ನಾಲ್ಕನೆಯದನ್ನು ಬುಟ್ಟಿಗೆ ಹಾಕಿ ತಕ್ಕಡಿಯ ಮೇಲಿಟ್ಟಾಗ ಬುಟ್ಟಿಯದೇ ತೂಕ ಜಾಸ್ತಿ ಇರಬೇಕು ಅನ್ನಿಸಿತು. ಸಾಹೇಬರು ಪಾಪ, ಸಂಕಟಪಟ್ಟುಕೊಂಡೇ ಹೇಳಿದರು. ಗಿಡ ಎದ್ದದ್ದೇನೋ ಚೆನ್ನಾಗಿತ್ತು, ಆದರೆ ಕೊನೆಯವರೆಗೆ ಉಳಿದದ್ದು ಕಡಿಮೆ, ಇಳುವರಿಯೂ ಇಲ್ಲ, ಮೇಲಿಂದ ಮರಿ ಜಾಸ್ತಿ, ಮಾರುಕಟ್ಟೆಯಲ್ಲಿ ಮರಿ ಹಾಕುವ ಗೆಡ್ಡೆಗೆ ಬೆಲೆಯಿಲ್ಲ. ಮುಂದಿನ ವರ್ಷಕ್ಕೆ ಎರಡನೇ ಸಾಲಿನದನ್ನೇ ಹಾಕೋಣ, ಈ ಸ್ಥಳೀಯದ್ದನ್ನು ಪೂರ್ತಿ ತೆಗೆದುಬಿಡಿ, ಒಂದು ಚೂರೂ ಮಣ್ಣಲ್ಲಿ ಉಳಿಯದ ಹಾಗೆ.

ಅತ್ತೆ ಎಲ್ಲವನ್ನೂ ನಿಂತು ಕೇಳಿದರು. “ಬನ್ನಿ, ಎಲೆ ಹಾಕ್ತೀನಿ” ಎಂದು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಒಲೆಯ ಪಕ್ಕದ ಮೂಲೆಯಲ್ಲಿ, ಬೂದಿ ಹಚ್ಚಿ ಚೀಲದಲ್ಲಿಟ್ಟ ಬಿತ್ತನೆ ಗೆಡ್ಡೆಗಳಿದ್ದವು. ತಿಂಗಳುಗಟ್ಟಲೆ ಕಿತ್ತವುಗಳ ಮೈಯಿಂದ ಬಿಡಿಸಿ ಜೋಪಾನ ಮಾಡಿದ ಮರಿಗಳು. ಇನ್ನು ಉಳಿದದ್ದೆಂದರೆ ಅಷ್ಟೇ. ನನಗೆ ಅಳು ಬರುವಂತಾಗಿತ್ತು, ಸಿಟ್ಟಿನ ಅಳು.

“ಅತ್ತೆ, ನಾ ಇವನ್ನ ಬಾವಿ ಹಿಂದೆ ಯಾರಿಗೂ ಕಾಣ್ದಂಗೆ ಹಾಕ್ತೀನಿ. ಇವರಿಗೂ ಹೇಳಲ್ಲ.”

“ಬ್ಯಾಡ ಕಣೆ. ಮಗ ಮಾತು ಕೊಟ್ಟಾನೆ.” ಅವರು ಹುಳಿಯ ಪಾತ್ರೆ ಇಳಿಸಿದರು. “ಕದ್ದು ಬದ್ಕದು ಬ್ಯಾಡ ಅದು.”

ಸಾಹೇಬರು ಅಂದೂ ಮೂರು ಸಲ ಬಡಿಸಿಕೊಂಡರು. ಕೊನೆಯ ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿ, “ಅಮ್ಮಾ, ಕೆಲಸ ಮುಗೀತು, ಇನ್ನು ನಾನು ಇಲ್ಲಿಗೆ ಬರೋದು ಕಡಿಮೆ. ಅದಕ್ಕೆ ಸಂಕೋಚ ಬಿಟ್ಟು ಕೇಳ್ತೀನಿ. ನೀವು ಅಡುಗೆಗೆ ಹಾಕೋ ಈ ಗೆಡ್ಡೆ ಎಲ್ಲೀದು? ನನ್ನ ಸರ್ವಿಸಲ್ಲೇ ಇಂಥದ್ದು ತಿಂದಿಲ್ಲ. ಗಂಟಲು ಒಂಚೂರೂ ಕೆರೆಯಲ್ಲ, ಬೆಣ್ಣೆ ಥರ ಬೆಂದಿರುತ್ತೆ. ಮನೆ ಹತ್ರ ನನಗೂ ಒಂದಿಷ್ಟು ಜಾಗ ಇದೆ. ಬಿತ್ತನೆಗೆ ಒಂದೆರಡು ಸಿಗುತ್ತಾ?” ಎಂದರು.

ನಮ್ಮ ಮನೆಯವರು ಮಾಡಿನ ಹಂಚು ನೋಡತೊಡಗಿದರು. ನಾನು ತಡೆಯಲಾರದೆ, “ಸಾರ್, ಅದು ನಾಲ್ಕನೇ…” ಎಂದೆ.

“ಮಜ್ಜಿಗೆ ತಗಂಡ್ ಬಾ” ಎಂದರು ಅತ್ತೆ. ಅವರ ಮನೆಯಲ್ಲಿ ಅಷ್ಟು ವರ್ಷ ಸೊಸೆಯಾಗಿದ್ದವಳು ನಾನು, ಆ ದನಿಗೆ ಎದುರಾಡಲು ಆಗಲಿಲ್ಲ.

ಮಜ್ಜಿಗೆ ತಂದಾಗ ಅತ್ತೆ ಜಗಲಿಯಲ್ಲಿದ್ದರು. ಮುಂದೆ ಚೀಲವಿತ್ತು, ಒಂದೆರಡಲ್ಲ, ಇದ್ದದ್ದೆಲ್ಲ. ಸಾಹೇಬರು ಇಷ್ಟೆಲ್ಲ ಯಾಕಮ್ಮ ಎನ್ನುತ್ತಿದ್ದರು. ಅತ್ತೆ ಊರಿನ ಹೆಸರು ಹೇಳಿಕೊಟ್ಟು, ಗೆಡ್ಡೆಗೆ ಅದೇ ಹೆಸರು, ಬೇರೆ ಕರೀಬ್ಯಾಡಿ ಎಂದರು. ಸಾಹೇಬರು ಒಪ್ಪಿ ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳಿದರು. ನಮ್ಮ ಮನೆಮಂದಿಯ ಹೊರತು ಬೇರೆಯವರ ಬಾಯಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು.

“ನಿಮ್ಮನೆ ಹೊಳೆ ಹತ್ರನಾ?” ಅತ್ತೆ ಕೇಳಿದರು.

“ಇಲ್ಲಮ್ಮ, ತೀರ್ಥಹಳ್ಳಿ ಪೇಟೆಯಿಂದ ಒಳಗೆ, ಗುಡ್ಡದ ನೆತ್ತಿ ಮೇಲೆ. ಬೇಸಿಗೇಲಿ ಕುಡಿಯೋಕೂ ನೀರಿಲ್ಲ.”

“ಅಲ್ಲಿ ಡ್ಯಾಮ್ ಕಟ್ಟೋ ಮಾತು ಇಲ್ಲ ಅಲ್ದಾ?”

ಸಾಹೇಬರು ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. “ಗುಡ್ಡದ ಮೇಲೆ ಯಾರು ಕಟ್ತಾರಮ್ಮ!”

ಅತ್ತೆ ನಗಲಿಲ್ಲ. ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿ ಅವರ ಕೈಗೆ ಕೊಟ್ಟರು.